ಸಕಲೇಶಪುರ, ಆಲೂರು: ಮಲೆನಾಡಿನಲ್ಲಿ ಪೊಲೀಸ್ ಗಸ್ತು ನಡೆಯುವ ಬಗೆ

ಹಾಸನ ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿರುವ ಸಕಲೇಶಪುರ ಹಾಗೂ ಆಲೂರು ತಾಲ್ಲೂಕುಗಳ ಪೊಲೀಸ್ ಗಸ್ತು ಬಯಲುಸೀಮೆಯ ಪಟ್ಟಣಗಳ ಗಸ್ತಿನಂತಲ್ಲ. 2011ರ ಜನಗಣತಿಯಂತೆ ಸಕಲೇಶಪುರ ಪಟ್ಟಣದ ಜನಸಂಖ್ಯೆ ಸುಮಾರು 23 ಸಾವಿರ. ಅಲ್ಲಿನ ಪೇಟೆ, ಬಸ್ ನಿಲ್ದಾಣ, ಹೇಮಾವತಿ ಸೇತುವೆಯ ಆಸುಪಾಸನ್ನು ಒಂದೇ ರಾತ್ರಿ ಕಾಲ್ನಡಿಗೆಯಲ್ಲಿಯೇ ಸುತ್ತಿ ಬರಬಹುದು. ಪಟ್ಟಣ ದಾಟಿದೊಡನೆ ಕಾಫಿ ತೋಟಗಳ ನಡುವಿನ ಒಂಟಿ ಮನೆಗಳು, ಕೂಲಿ ಲೈನುಗಳು, ಮೊಬೈಲ್ ಸಂಕೇತ ಸಿಗದ ತಿರುವುಗಳು ಎದುರಾಗುತ್ತವೆ. ನಿಜವಾದ ಕಷ್ಟವಿರುವುದು ಅಲ್ಲಿ.

ಆಡಳಿತದ ದೃಷ್ಟಿಯಿಂದ ಹಾಸನ ಜಿಲ್ಲಾ ಪೊಲೀಸ್ ಮೈಸೂರಿನಲ್ಲಿ ಕೇಂದ್ರವಿರುವ ದಕ್ಷಿಣ ವಲಯಕ್ಕೆ ಸೇರಿದೆ. ಸಕಲೇಶಪುರದಲ್ಲಿ ಡಿವೈಎಸ್‌ಪಿ ದರ್ಜೆಯ ಅಧಿಕಾರಿಯ ಉಪವಿಭಾಗವಿದ್ದು, ಸಕಲೇಶಪುರ ನಗರ, ಗ್ರಾಮಾಂತರ, ಯಸಳೂರು, ಆಲೂರು ಈ ಭಾಗದ ಠಾಣೆಗಳು.

ಗಸ್ತಿನ ಮೂಲ ಘಟಕ ಬೀಟ್. ಹಿಂದೆ ಕೆಲವೇ ಸಿಬ್ಬಂದಿಗೆ ಬೀಟ್ ಕೆಲಸ ಮೀಸಲಾಗಿತ್ತು. 2017ರಲ್ಲಿ ರಾಜ್ಯದಲ್ಲಿ ಜಾರಿಗೆ ಬಂದ ಸುಧಾರಿತ ಬೀಟ್ ವ್ಯವಸ್ಥೆಯು ಠಾಣೆಯ ಪ್ರತಿ ಕಾನ್‌ಸ್ಟೆಬಲ್‌ಗೂ ಗೊತ್ತಾದ ಪ್ರದೇಶದ ಹೊಣೆ ವಹಿಸಿ, ಊರಿನ ನಾಗರಿಕರನ್ನೂ ಜೊತೆಗೂಡಿಸಿಕೊಳ್ಳುವ ಕ್ರಮವನ್ನು ತಂದಿತು. ಹಳೆಯ ಅಪರಾಧಿಗಳು, ಬೀಗ ಹಾಕಿದ ಮನೆಗಳು, ಹೊಸದಾಗಿ ಬಂದ ಕಾರ್ಮಿಕರು, ಜಮೀನಿನ ಜಗಳಗಳು ಇವೆಲ್ಲ ಬೀಟ್ ಸಿಬ್ಬಂದಿಗೆ ತಿಳಿದಿರಬೇಕೆಂಬುದು ಇದರ ಉದ್ದೇಶ. ಗೊತ್ತುಪಡಿಸಿದ ಸ್ಥಳಗಳಲ್ಲಿ ಪುಸ್ತಕಕ್ಕೆ ಸಹಿ ಮಾಡುವ ಪದ್ಧತಿ ಹಳೆಯದು. ಹಲವೆಡೆ ಇ-ಬೀಟ್ ಬಂದು, ಸಿಬ್ಬಂದಿ ತಲುಪಿದ ಸಮಯ ತಾನಾಗಿ ದಾಖಲಾಗುತ್ತದೆ. ಆದರೆ ಹೀಗೆ ದಾಖಲಾಗುವುದು ಪೊಲೀಸರು ಅಲ್ಲಿಗೆ ಹೋಗಿದ್ದರೆಂಬುದು ಮಾತ್ರ. ತೋಟದ ರೈಟರೊಡನೆ ಹತ್ತು ನಿಮಿಷ ಮಾತನಾಡಿದರೆ ದೊರೆಯುವ ಮಾಹಿತಿ ಯಾವ ಯಂತ್ರಕ್ಕೂ ದೊರೆಯದು.

ಇಲ್ಲಿ ಗಸ್ತಿಗೂ ಋತುಮಾನವಿದೆ. ನವೆಂಬರ್ ನಂತರ ಅರೇಬಿಕಾ, ಆ ಬಳಿಕ ರೊಬಸ್ಟಾ ಕೊಯ್ಲು ಆರಂಭವಾದಾಗ ವರ್ಷದ ದುಡಿಮೆಯೆಲ್ಲ ಕಣದಲ್ಲಿ ಒಣಗುತ್ತಿರುತ್ತದೆ. ಕಾಫಿ, ಕಾಳುಮೆಣಸಿನ ಬೆಲೆ ಏರಿದಷ್ಟೂ ಕಳ್ಳತನದ ಭಯವೂ ಏರುತ್ತದೆ. ಕೆಲವು ಚೀಲಗಳ ನಷ್ಟ ದೊಡ್ಡ ಎಸ್ಟೇಟಿಗೆ ತಾಳಿಕೊಳ್ಳುವಂಥದ್ದು. ಎರಡು ಎಕರೆಯ ಬೆಳೆಗಾರನಿಗೆ ಅದು ಬ್ಯಾಂಕಿನ ಕಂತು. ಹೀಗಾಗಿ ಕೊಯ್ಲಿನ ಕಾಲದಲ್ಲಿ ಕಣಗಳಿರುವ ಹಾದಿಯ ರಾತ್ರಿ ಗಸ್ತು, ಸಾಗಣೆ ವಾಹನಗಳ ತಪಾಸಣೆಗೆ ಮಹತ್ವ ಬರುತ್ತದೆ.

ಕಾಡಾನೆಯದು ಮತ್ತೊಂದು ಸಮಸ್ಯೆ. ಕರ್ನಾಟಕ ಆನೆ ಕಾರ್ಯಪಡೆಯ 2012ರ ವರದಿಯ ತರುವಾಯ, 2014ರಲ್ಲಿ ಆಲೂರು-ಸಕಲೇಶಪುರ ಭಾಗದಿಂದ 22 ಆನೆಗಳನ್ನು ಹಿಡಿದು ಸಾಗಿಸಲಾಯಿತು. ಆದರೂ ಸಂಘರ್ಷ ನಿಲ್ಲಲಿಲ್ಲ. 2023ರ ಡಿಸೆಂಬರ್‌ನಲ್ಲಿ ದಸರಾ ಆನೆ ಅರ್ಜುನ ಯಸಳೂರು ಭಾಗದ ಕಾರ್ಯಾಚರಣೆಯಲ್ಲಿಯೇ ಮೃತಪಟ್ಟಿತು. ಬೈಕಿನಲ್ಲಿ ಒಬ್ಬನೇ ಹೊರಡುವ ಪೊಲೀಸ್ ಸಿಬ್ಬಂದಿಗೂ ತೋಟದ ದಾರಿ ಸುರಕ್ಷಿತವಲ್ಲ. ಆನೆಗಳ ಜಾಡು ಹಿಡಿಯುವುದು ಅರಣ್ಯ ಇಲಾಖೆಯ ಕೆಲಸ. ಆನೆ ದಾಳಿಯಲ್ಲಿ ಜೀವ ಹೋದಾಗ ರೊಚ್ಚಿಗೆದ್ದ ಜನರನ್ನು ಸಮಾಧಾನಪಡಿಸಿ ರಸ್ತೆ ತೆರವುಗೊಳಿಸುವುದು ಪೊಲೀಸರ ಪಾಲಿಗೆ ಬರುತ್ತದೆ.

ಮಳೆಗಾಲದಲ್ಲಿ ಸಿಬ್ಬಂದಿಯ ಗಮನ ಬೆಂಗಳೂರು-ಮಂಗಳೂರು ರಾಷ್ಟ್ರೀಯ ಹೆದ್ದಾರಿ 75ರತ್ತ ತಿರುಗುತ್ತದೆ. 2024ರ ಜುಲೈನಲ್ಲಿ ದೊಡ್ಡತಪ್ಪಲು ಬಳಿ ಗುಡ್ಡ ಕುಸಿದು ಶಿರಾಡಿ ಘಾಟಿಯ ಸಂಚಾರ ಸ್ಥಗಿತಗೊಂಡಿತ್ತು. ಅಂಥ ದಿನಗಳಲ್ಲಿ ವಾಹನಗಳನ್ನು ತಡೆಯಲು, ಬದಲಿ ಮಾರ್ಗಕ್ಕೆ ಕಳುಹಿಸಲು ಪೊಲೀಸರೇ ನಿಲ್ಲಬೇಕು. ಆಗ ಹಳ್ಳಿಯ ಬೀಟ್ ತೆಳುವಾಗುವುದು ಅನಿವಾರ್ಯ.

ತುರ್ತು ಸಂದರ್ಭದಲ್ಲಿ 112ಕ್ಕೆ ಕರೆ ಮಾಡಿದರೆ ಮಾಹಿತಿಯು ಸಮೀಪದ ಗಸ್ತು ವಾಹನಕ್ಕೆ ರವಾನೆಯಾಗುತ್ತದೆ. ಕರೆ ಮಾಡುವವರು ಎಸ್ಟೇಟಿನ ಹೆಸರಿನ ಜೊತೆಗೆ ಹತ್ತಿರದ ಶಾಲೆ, ದೇವಸ್ಥಾನ ಅಥವಾ ಬಸ್ ನಿಲುಗಡೆಯನ್ನೂ ತಿಳಿಸುವುದು ಲೇಸು. ಘಾಟಿಯಲ್ಲಿ ಘಟನೆ ನಡೆದರೆ ಸ್ಥಳ ಹಾಸನಕ್ಕೆ ಸೇರಿದ್ದೋ ದಕ್ಷಿಣ ಕನ್ನಡಕ್ಕೆ ಸೇರಿದ್ದೋ ಎಂದು ದೂರುದಾರರು ಅಲೆಯಬೇಕಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ, ಠಾಣಾ ಸರಹದ್ದು ಯಾವುದೇ ಇರಲಿ, ಸಂಜ್ಞೇಯ ಅಪರಾಧದ ಮಾಹಿತಿಯನ್ನು ಯಾವ ಠಾಣೆಯಲ್ಲಿಯೂ ನೀಡಬಹುದು.