ಬೆಡ್‌ಫರ್ಡಿನ ಡಚೆಸ್ ಮೇರಿ ರಸೆಲ್‌ಳ ವಿಮಾನಾಭ್ಯಾಸ

ವಿಮಾನಯಾನದ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ತರುಣರ ಚರಿತ್ರೆಯನ್ನೇ ಬರೆದಿದ್ದಾರೆ. 1927ರಲ್ಲಿ ಅಟ್ಲಾಂಟಿಕ್ ಸಾಗರವನ್ನು ಒಂಟಿಯಾಗಿ ದಾಟಿದಾಗ ಲಿಂಡ್‌ಬರ್ಗನಿಗೆ 25 ವರ್ಷ; 1929ರ ಫೆಬ್ರವರಿಯಲ್ಲಿ ಭಾರತದಲ್ಲಿ ಚಾಲಕನ ಲೈಸೆನ್ಸು ಪಡೆದಾಗ ಜೆ. ಆರ್. ಡಿ. ಟಾಟಾ ಅವರಿಗೆ 24. ಇಂಥವರ ನಡುವೆ, 64ನೆಯ ವಯಸ್ಸಿನಲ್ಲಿ ಮೊದಲ ಬಾರಿಗೆ ಒಬ್ಬಳೇ ವಿಮಾನ ನಡೆಸಿದ ಮೇರಿ ರಸೆಲ್‌ಳ ಹೆಸರು ವಿಚಿತ್ರ ಸಂಗತಿಗಳ ಸಾಲಿಗೆ ಸೇರಿಹೋಗಿದೆ. ಅದು ಅಲ್ಲಿಗೆ ಸೇರತಕ್ಕದ್ದಲ್ಲವೆಂಬುದು ನಮ್ಮ ಅಭಿಪ್ರಾಯ.

ಈಕೆ 1865ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದವಳು. ತಂದೆ ಪಾದ್ರಿ, ಮುಂದೆ ಲಾಹೋರಿನಲ್ಲಿ ಆರ್ಚ್‌ಡೀಕನ್ ಪದವಿಯಲ್ಲಿದ್ದವನು. ವೈಸರಾಯ್ ಡಫರಿನ್ನನ ಪರಿವಾರದಲ್ಲಿ ಅಂಗರಕ್ಷಕಾಧಿಕಾರಿಯಾಗಿದ್ದ ಹರ್‌ಬ್ರಾಂಡ್ ರಸೆಲ್‌ನೊಡನೆ 1888ರಲ್ಲಿ ಬಂಗಾಳದ ಬ್ಯಾರಕ್‌ಪುರದಲ್ಲಿ ಆಕೆಯ ವಿವಾಹವಾಯಿತು. ಐದು ವರ್ಷಗಳ ತರುವಾಯ ಪತಿಗೆ ಡ್ಯೂಕ್ ಪದವಿ ಬಂದಿತು. ವೋಬರ್ನ್‌ನಲ್ಲಿ ಆಸ್ಪತ್ರೆಯೊಂದನ್ನು ಕಟ್ಟಿಸಿ, ಅಲ್ಲಿ ತಾನೇ ದಾದಿಯಾಗಿಯೂ ಕ್ಷಕಿರಣ ವಿಭಾಗದಲ್ಲಿಯೂ ದುಡಿದಳು. ಪಕ್ಷಿವೀಕ್ಷಣೆಯಲ್ಲಿ ಒಳ್ಳೆಯ ಪರಿಶ್ರಮ ಪಡೆದಳು. ಕಿವಿ ಮಾತ್ರ ಬಹುಕಾಲದಿಂದ ಮಂದವಾಗಿತ್ತು. ಕಿವಿಯೊಳಗಿನ ನಿರಂತರ ಮೊರೆತ ಎತ್ತರದಲ್ಲಿ ಹಾರುವಾಗ ತಗ್ಗುತ್ತದೆಂದು ಕಂಡುಕೊಂಡದ್ದೇ ಆಕೆಯನ್ನು ವಿಮಾನದತ್ತ ಎಳೆಯಿತೆಂದು ಹೇಳುತ್ತಾರೆ.

ಇಲ್ಲಿ ಒಂದು ವಿವೇಚನೆ ಅಗತ್ಯ. ಆಕೆಯ ಕೀರ್ತಿಗೆ ಕಾರಣವಾದದ್ದು 1929ರ ಆಗಸ್ಟಿನಲ್ಲಿ ಇಂಗ್ಲೆಂಡಿನಿಂದ ಕರಾಚಿಗೆ ಹೋಗಿ ಎಂಟು ದಿನಗಳಲ್ಲಿ ಮರಳಿದ, ಸುಮಾರು 10,000 ಮೈಲಿಗಳ ಯಾತ್ರೆ. ಆದರೆ ಆ ಫಾಕರ್ ವಿಮಾನದ ಚಾಲಕ ಕ್ಯಾಪ್ಟನ್ ಬಾರ್ನಾರ್ಡ್. ಜತೆಗೆ ಲಿಟಲ್ ಎಂಬ ಸಹಾಯಕ. ಡಚೆಸ್ ವಿಮಾನದ ಒಡತಿ, ಯಾತ್ರೆಯ ವೆಚ್ಚವನ್ನು ಹೊತ್ತವಳು, ಆಗಿನ್ನೂ ವಿದ್ಯಾರ್ಥಿನಿ. ಹಣವಿದ್ದವರಿಗೆ ದಾಖಲೆ ಸುಲಭವೆಂಬ ಆಕ್ಷೇಪ ಈ ಯಾತ್ರೆಯ ಮಟ್ಟಿಗೆ ಸಲ್ಲುತ್ತದೆ. ಆದುದರಿಂದಲೇ ನಾವು ಹೆಚ್ಚು ಬೆಲೆ ಕೊಡಬೇಕಾದ ದಿನ 1930ರ ಏಪ್ರಿಲ್ 8. ಅಂದು ಆಕೆ ತನ್ನ ಮಾತ್ ವಿಮಾನದಲ್ಲಿ ಬೋಧಕನಿಲ್ಲದೆ ಮೇಲೇರಿ ಕ್ಷೇಮವಾಗಿ ಇಳಿದಳು. ಎರಡೇ ದಿನಗಳ ತರುವಾಯ ಬಾರ್ನಾರ್ಡನೊಡನೆ ಕೇಪ್‌ಟೌನಿಗೆ ಹೊರಟದ್ದನ್ನು ವಾರ್ತಾಪತ್ರಿಕೆಗಳು ಹೊಗಳಿದವು. ಆ ಹೊಗಳಿಕೆಯ ಸದ್ದಿನಲ್ಲಿ ಎರಡು ದಿನ ಹಿಂದಿನ ಸಣ್ಣ ಹಾರಾಟ ಮರೆಯಾಯಿತು.

ಈ ಅಭ್ಯಾಸವು ಸಾಧ್ಯವಾದದ್ದು ಹೇಗೆ? 1925ರಲ್ಲಿ ಡಿ ಹ್ಯಾವಿಲೆಂಡ್ ಸಂಸ್ಥೆ ರಚಿಸಿದ ಮಾತ್, ಎರಡು ಆಸನಗಳ ಹಗುರ ವಿಮಾನ. ಎರಡೂ ಆಸನಗಳಿಂದ ನಡೆಸಬಹುದಾದದ್ದು. ಅದೇ ವರ್ಷ ಬ್ರಿಟಿಷ್ ಸರ್ಕಾರ ವಿಮಾನ ಕ್ಲಬ್ಬುಗಳಿಗೆ ಧನಸಹಾಯ ನೀಡತೊಡಗಿತು. ಅದುವರೆಗೆ ಸೈನಿಕರ ಸೊತ್ತಾಗಿದ್ದ ವಿದ್ಯೆ ಹವ್ಯಾಸಿಗಳ ಕೈಗೆ ಬಂತು. ತೆರೆದ ವಿಮಾನದಲ್ಲಿ ಬೋಧಕನ ಮಾತು ಒಂದು ಕೊಳವೆಯ ಮೂಲಕ ಶಿಷ್ಯನ ಕಿವಿಗೆ ಬರಬೇಕು. ಕಿವಿ ಮಂದವಾದವಳಿಗೆ ಇದೇನೂ ಸಣ್ಣ ತೊಡಕಲ್ಲ. ಆದರೆ ಒಮ್ಮೆ ಒಂಟಿಯಾದ ಮೇಲೆ ಪರಿಸ್ಥಿತಿ ಬದಲಾಗುತ್ತದೆ. ಅಂದಿನ ಹಗುರ ವಿಮಾನಗಳಲ್ಲಿ ರೇಡಿಯೋ ಅಪರೂಪ. ಭೂಪಟ, ದಿಕ್ಸೂಚಿ, ಕೆಳಗೆ ಕಾಣುವ ನದಿ, ರೈಲುದಾರಿ, ಇವೇ ಆಧಾರ. ಹಕ್ಕಿಗಳನ್ನು ನೋಡಿ ಪಳಗಿದ ಕಣ್ಣಿಗೆ ಇದು ಅಸಾಧ್ಯವಾದ ಕೆಲಸವಾಗಿರಲಾರದೆಂದು ನಾವು ಊಹಿಸುತ್ತೇವೆ. ಮರುತಿಂಗಳು 26 ವರ್ಷದ ಏಮಿ ಜಾನ್ಸನ್ ಒಬ್ಬಳೇ ಆಸ್ಟ್ರೇಲಿಯ ತಲುಪಿದ್ದೂ ಒಂದು ಮಾತ್ ವಿಮಾನದಲ್ಲಿಯೇ.

ಮುಂದಿನ ಏಳು ವರ್ಷ ಡಚೆಸ್ ಹಾರುತ್ತಲೇ ಇದ್ದಳು. ವಯಸ್ಸಿನ ಕಾರಣದಿಂದ ಲೈಸೆನ್ಸು ನವೀಕರಣವಾಗದೆಂಬ ಆತಂಕ ಆಕೆಯನ್ನು ಕಾಡುತ್ತಿತ್ತೆನ್ನುತ್ತಾರೆ. ಒಂಟಿಯಾಗಿ ಹಾರಿದ ಅವಧಿ 200 ಗಂಟೆಗಳಾಗಲು ಒಂದು ಗಂಟೆಗಿಂತಲೂ ಕಡಮೆ ಉಳಿದಿತ್ತು. 1937ರ ಮಾರ್ಚ್ 22ರಂದು ಅದನ್ನು ಪೂರೈಸಲು ವೋಬರ್ನ್‌ನಿಂದ ಹೊರಟಾಗ ಆಕೆಗೆ 71 ವರ್ಷ. ಆ ಮಧ್ಯಾಹ್ನ ಹಿಮ ಸುರಿಯಿತು. ಬೇಕೆಂದೇ ಪ್ರಾಣ ನೀಗಿದಳೆಂಬ ಮಾತೂ ಹುಟ್ಟಿಕೊಂಡಿತು. ಹವೆಯೇ ಸಾಕಷ್ಟು ಕಾರಣವಾಗಿರುವಾಗ ಅಂಥ ಊಹೆಗೆ ಚರಿತ್ರಕಾರನು ಇಳಿಯಬೇಕಾಗಿಲ್ಲ. ವಿಮಾನದ ಕೆಲವು ತುಂಡುಗಳು ಪೂರ್ವ ಕರಾವಳಿಗೆ ತೇಲಿಬಂದವು, ದೇಹ ಸಿಕ್ಕಲಿಲ್ಲ. ಆಕೆಯ ಪಕ್ಷಿವೀಕ್ಷಣೆಯ ದಿನಚರಿ ಮರುವರ್ಷ ಖಾಸಗಿಯಾಗಿ ಅಚ್ಚಾಯಿತು.