‘ಇತರೆ ಏಷ್ಯನ್’ ಎಂಬ ಖಾನೆ

ಕಳೆದ ದೀಪಾವಳಿಗೆ ಅಮ್ಮ ಶಿವಮೊಗ್ಗದಿಂದ ಪುಣೆಗೆ ಬಂದಿದ್ದಳು. ಅವಳಿಗೀಗ 68. ಪಕ್ಕದ ಫ್ಲ್ಯಾಟಿನ ಪಾರ್ಸಿ ಆಂಟಿಗೆ ಸ್ತನ ಕ್ಯಾನ್ಸರ್ ಎಂದು ತಿಳಿದ ದಿನ, “ನೀನೂ ಒಮ್ಮೆ ತಪಾಸಣೆ ಮಾಡಿಸಮ್ಮ” ಎಂದೆ. “ನಮ್ಮ ಕಡೆಯವರಿಗೆ ಅದೆಲ್ಲ ಬರಲ್ಲ ಬಿಡೋ” ಎಂದು ಮಾತು ಮುಗಿಸಿದಳು.

ರಾತ್ರಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಅಪಾಯ ಲೆಕ್ಕಹಾಕುವ ಪುಟ ತೆರೆದೆ. ಈಗಿನ ವಯಸ್ಸು, ಮೊದಲು ಮುಟ್ಟಾದ ವಯಸ್ಸು, ಚೊಚ್ಚಲ ಹೆರಿಗೆಯ ವಯಸ್ಸು ಕೇಳಿತು. ಆಮೇಲೆ ಜನಾಂಗ. ಅಮ್ಮನಿಗೆ ಹೊಂದಿದ್ದು ‘ಇತರೆ ಏಷ್ಯನ್’ ಒಂದೇ. ಇಪ್ಪತ್ತು ವರ್ಷ ಸಾಫ್ಟ್‌ವೇರ್ ಪ್ರಾಜೆಕ್ಟುಗಳಲ್ಲಿ ಕಳೆದವನಿಗೆ ‘ಇತರೆ’ ಎಂಬುದರ ಅರ್ಥ ಗೊತ್ತು: ನಿಮ್ಮ ಡೇಟಾ ನಮ್ಮಲ್ಲಿಲ್ಲ. ಈ ಖಾನೆ ಬಂದ ದಾರಿ ಹುಡುಕುತ್ತ ಕೂತೆ.

1926ರಲ್ಲಿ ಬ್ರಿಟನ್ನಿನ ವೈದ್ಯೆ ಜಾನೆಟ್ ಲೇನ್-ಕ್ಲೇಪನ್, ಸ್ತನ ಕ್ಯಾನ್ಸರ್ ಇದ್ದ ಸುಮಾರು 500 ಹೆಂಗಸರನ್ನು ಇಲ್ಲದ ಅಷ್ಟೇ ಹೆಂಗಸರೊಂದಿಗೆ ಹೋಲಿಸಿದರು. ತಡವಾದ ಮದುವೆ, ಕಡಿಮೆ ಮಕ್ಕಳು, ಕಡಿಮೆ ಹಾಲೂಡಿಕೆ ರೋಗಿಗಳಲ್ಲಿ ಎದ್ದು ಕಂಡವು. 1970ರಲ್ಲಿ ಹಾರ್ವರ್ಡಿನ ಬ್ರಯಾನ್ ಮೆಕ್‌ಮಹೋನ್ ಮತ್ತು ಸಂಗಡಿಗರು ಬಾಸ್ಟನ್, ಅಥೆನ್ಸ್, ಟೋಕಿಯೊ ಸೇರಿ ಏಳು ಕಡೆಯ ಲೆಕ್ಕ ಪ್ರಕಟಿಸಿದರು. 18ಕ್ಕೆ ಮುಂಚೆ ಹೆತ್ತವರ ಅಪಾಯ, 35 ದಾಟಿ ಚೊಚ್ಚಲು ಹೆತ್ತವರ ಅಪಾಯದ ಮೂರನೇ ಒಂದು ಪಾಲು ಮಾತ್ರ.

ನಾನು ಓದಿದ ಆ ಲೆಕ್ಕದ ಪುಟದ ಮೂಲ 1989ರ ಗೇಲ್ ಮಾದರಿ. ಅದನ್ನು ಕಟ್ಟಿದ್ದು ಬಿಳಿಯ ಹೆಂಗಸರ ಮಾಹಿತಿಯ ಮೇಲೆ. ಕಪ್ಪು ಮಹಿಳೆಯರಿಗೆ ಬೇರೆ ಮಾದರಿ ಬಂದದ್ದು 2007ರಲ್ಲಿ, ಏಷ್ಯನ್-ಅಮೆರಿಕನ್ನರಿಗೆ 2011ರಲ್ಲಿ. ಆ ಕೊನೆಯದಕ್ಕೂ ಆಧಾರ ಚೀನೀ, ಜಪಾನಿ, ಫಿಲಿಪಿನೊ ಮೂಲದವರ ಅಧ್ಯಯನ. ನಮ್ಮವರು ಅದರಲ್ಲಿಲ್ಲ.

ಹಾಗಾದರೆ ಜನಾಂಗವೇ ಕಾರಣವೇ? ಅಮೆರಿಕದಲ್ಲಿ 1991ರಲ್ಲಿ ಶುರುವಾದ ‘ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್’, ಋತುಬಂಧ ದಾಟಿದ, 50ರಿಂದ 79ರ ವಯಸ್ಸಿನ 1,61,808 ಮಹಿಳೆಯರನ್ನು ಸೇರಿಸಿಕೊಂಡಿತು. 2005ರಲ್ಲಿ ಅದರ ಲೆಕ್ಕ ಬಂದಾಗ ಬಿಳಿಯರಲ್ಲೇ ರೋಗ ಹೆಚ್ಚು ಎಂದು ಮೊದಲ ನೋಟಕ್ಕೆ ಕಂಡಿತು. ಆದರೆ ತಿಳಿದಿದ್ದ ಅಪಾಯದ ಅಂಶಗಳನ್ನೆಲ್ಲ ಸರಿದೂಗಿಸಿ ನೋಡಿದಾಗ ಗುಂಪುಗಳ ನಡುವಿನ ಅಂತರ ಬಹುಪಾಲು ಕರಗಿತು. ಕಪ್ಪು ಮಹಿಳೆಯರಲ್ಲಿ ಮಾತ್ರ ಸಂಖ್ಯೆ ಕಡಿಮೆಯೇ ಉಳಿಯಿತು. ಆದರೆ ಅವರಿಗೆ ಬರುತ್ತಿದ್ದ ಗೆಡ್ಡೆಗಳು ಹೆಚ್ಚು ಉಗ್ರ ಬಗೆಯವು. ಕಡಿಮೆ ಜನಕ್ಕೆ ಬರುತ್ತದೆ ಎಂದಮಾತ್ರಕ್ಕೆ ನಿಶ್ಚಿಂತೆಯಿಂದ ಇರುವಂತಿಲ್ಲ.

ವಲಸಿಗನಾದ ನನ್ನನ್ನು ತಟ್ಟಿದ್ದು 1993ರ ಇನ್ನೊಂದು ಅಧ್ಯಯನ. ಅಮೆರಿಕದಲ್ಲಿ ನೆಲೆಸಿದ ಏಷ್ಯನ್ ಮೂಲದವರಲ್ಲಿ, ಪಶ್ಚಿಮದಲ್ಲಿ ಹುಟ್ಟಿದವರ ಅಪಾಯ ಪೂರ್ವದಲ್ಲಿ ಹುಟ್ಟಿದವರಿಗಿಂತ ಶೇ. 60 ಹೆಚ್ಚು. ರಕ್ತ ಅದೇ, ಊರು ಮತ್ತು ಬದುಕು ಬೇರೆ.

ಇದಕ್ಕೆ ನಮ್ಮಲ್ಲೂ ಸಾಕ್ಷಿಯಿದೆ. 1963ರಲ್ಲಿ ಇಂಡಿಯನ್ ಕ್ಯಾನ್ಸರ್ ಸೊಸೈಟಿ ಮುಂಬಯಿಯಲ್ಲಿ ಕ್ಯಾನ್ಸರ್ ನೋಂದಣಿ ಆರಂಭಿಸಿತು. ಡಾ. ಜುಸ್ಸಾವಾಲಾ ಅವರ ಕಾಲದ ಆ ದಾಖಲೆಗಳಲ್ಲಿ ಪಾರ್ಸಿ ಮಹಿಳೆಯರ ಸ್ತನ ಕ್ಯಾನ್ಸರ್ ಪ್ರಮಾಣ ಉಳಿದವರಿಗಿಂತ ಮೇಲಿತ್ತು. ತಡವಾಗಿ ಮದುವೆಯಾಗುವ, ಕಡಿಮೆ ಮಕ್ಕಳ ಸಮುದಾಯ ಅದು. ಆಗ ಅದು ‘ಅವರ ಕಾಯಿಲೆ’. ಈಗ ನಮ್ಮ ನಗರಗಳಲ್ಲಿ ಗರ್ಭಕಂಠದ ಕ್ಯಾನ್ಸರನ್ನು ಹಿಂದಿಕ್ಕಿದೆ.

ಬೆಳಿಗ್ಗೆ ಕಾಫಿ ಕುಡಿಯುತ್ತ ಅಮ್ಮನಿಗೆ ಇಷ್ಟನ್ನೂ ಹೇಳಿದೆ. ಅವಳು 21ಕ್ಕೆ ನನ್ನನ್ನು ಹೆತ್ತವಳು, ಮೂವರಿಗೆ ಹಾಲೂಡಿಸಿದವಳು. ನನ್ನ ಹೆಂಡತಿಗೆ ಮಗಳು ಹುಟ್ಟಿದ್ದು 34ಕ್ಕೆ, ಅವಳೊಬ್ಬಳೇ. ‘ನಮ್ಮ ಕಡೆಯವರು’ ಎಂಬ ಮಾತು ಒಂದೇ ಮನೆಯೊಳಗೆ ಎರಡಾಗಿತ್ತು.

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಹಂಗಾದ್ರೆ ನಂಗಿಂತ ಮೊದ್ಲು ಅವಳನ್ನ ಕರ್ಕೊಂಡು ಹೋಗು” ಎಂದಳು. ಶನಿವಾರ ಇಬ್ಬರನ್ನೂ ಕರೆದುಕೊಂಡು ಹೋದೆ.