ತಿರುಗುವ ಉಳಿ: ಠಾಣೆ–ಬೇಲಾಪುರ ಪಟ್ಟಿಯಲ್ಲಿ ಸ್ಕ್ರೂಡ್ರೈವರಿನ ಗತಕಾಲ

ಸ್ಕ್ರೂಡ್ರೈವರಿಗೆ ಕನ್ನಡದಲ್ಲಿರುವ ತಿರುಪುಳಿ ಎಂಬ ಹೆಸರು ತಿರುಪು ಮತ್ತು ಉಳಿ ಎಂಬ ಎರಡು ಪದಗಳು ಕೂಡಿ ಆದದ್ದು. ಠಾಣೆ, ಡೊಂಬಿವಲಿ, ಕಲ್ಯಾಣಗಳ ಕಾರ್ಖಾನೆಗಳಲ್ಲಿ ಇದು ಕೇಳಿಬರುವುದು ಅಪರೂಪ. ಅಲ್ಲಿ ಹಿಂದಿಯವರು ಪೇಚಕಸ್, ಗುಜರಾತಿಗಳು ಡಿಸ್ಮಿಸ್, ಕನ್ನಡಿಗರು ಸ್ಕ್ರೂಡ್ರೈವರ್ ಎನ್ನುತ್ತಾರೆ. ಆದರೆ ಉಪಕರಣದ ಮೂಲರೂಪವನ್ನು ಹಿಡಿದಿಟ್ಟಿರುವುದು ಕನ್ನಡದ ಪದವೇ, ಏಕೆಂದರೆ 15ನೆಯ ಶತಮಾನದ ಕೊನೆಯಲ್ಲಿ ಯುರೋಪಿನ ಚಿತ್ರವೊಂದರಲ್ಲಿ ಕಾಣಿಸಿಕೊಂಡಂದಿನಿಂದ 20ನೆಯ ಶತಮಾನದ ಆರಂಭದವರೆಗೂ ಅದರ ಬಾಯಿ ಬಹುಮಟ್ಟಿಗೆ ಉಳಿಯಂತೆ ಚಪ್ಪಟೆಯಾಗಿಯೇ ಇತ್ತು.

1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಮೊದಲ ರೈಲು ಓಡಿತು. ಮರುವರ್ಷ ಹಳಿ ಕಲ್ಯಾಣವನ್ನು ಮುಟ್ಟಿತು. ಅದರೊಂದಿಗೆ ಬಂದ ಬ್ರಿಟನ್ನಿನ ಯಂತ್ರಸಾಮಗ್ರಿಯ ಹಿಂದೆ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಸೂಚಿಸಿದ 55 ಡಿಗ್ರಿ ಕೋನದ ಮರೆಯ, ಅಂದರೆ ಸ್ಕ್ರೂವಿನ ಮೈಮೇಲಿನ ಸುರುಳಿ ಗೆರೆಯ, ಮಾನದಂಡವಿತ್ತು. ಸ್ಕ್ರೂವಿನ ತಲೆಯ ಮೇಲಾದರೋ ಒಂದೇ ಒಂದು ಗೀರು. ಈ ಗೀರಿಗೆ ಸ್ಕ್ರೂಡ್ರೈವರನ್ನು ಆರಿಸುವಾಗ ಅಗಲ, ದಪ್ಪ ಎರಡನ್ನೂ ನೋಡಬೇಕು. ಬಾಯಿಯ ಅಗಲ ತಲೆಯ ವ್ಯಾಸಕ್ಕೆ ಸರಿಸಮವಾಗಿ, ದಪ್ಪ ಗೀರನ್ನು ತುಂಬುವಂತಿದ್ದರೆ ಬಲ ಗೀರಿನುದ್ದಕ್ಕೂ ಹಂಚಿಹೋಗುತ್ತದೆ. ತೆಳುವಾಗಿದ್ದರೆ ಬಾಯಿ ಓರೆಯಾಗಿ ನಿಂತು, ಎರಡು ಮೂಲೆಗಳಿಂದಷ್ಟೇ ಒತ್ತಿ, ಹಿತ್ತಾಳೆಯ ತಲೆಯ ಅಂಚಿನಿಂದ ಹೊಳೆಯುವ ಚೂರನ್ನು ಎಬ್ಬಿಸುತ್ತದೆ.

ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ 1962ರಲ್ಲಿ ಸ್ಥಾಪನೆಯಾದ ಮೇಲೆ ಠಾಣೆಯ ವಾಗ್ಳೆ ಎಸ್ಟೇಟ್, ಡೊಂಬಿವಲಿ ಹಾಗೂ ಠಾಣೆ–ಬೇಲಾಪುರ ರಸ್ತೆಯ ಪ್ರದೇಶಗಳು ಕಾರ್ಖಾನೆಗಳಿಂದ ತುಂಬುತ್ತ ಹೋದವು. 1970ರಲ್ಲಿ ಹುಟ್ಟಿದ ನಗರಾಭಿವೃದ್ಧಿ ನಿಗಮ ಸಿಡ್ಕೋ ಆ ರಸ್ತೆಯ ಸುತ್ತ ನವಿ ಮುಂಬಯಿಯನ್ನು ಕಟ್ಟತೊಡಗಿತು. ಇದಕ್ಕೆ ಮುಂಚೆಯೇ ಸ್ಕ್ರೂವಿನ ತಲೆ ಬದಲಾಗಿತ್ತು. ಅಮೆರಿಕದ ಹೆನ್ರಿ ಫಿಲಿಪ್ಸ್ ಪೇಟೆಂಟ್ ಪಡೆದ ಕೂಡುಗೀರಿನ, ಅಂದರೆ ಎರಡು ಗೀರುಗಳು ಅಡ್ಡಡ್ಡವಾಗಿ ಕೂಡುವ, ತಲೆಯನ್ನು 1936ರಲ್ಲಿ ಜನರಲ್ ಮೋಟರ್ಸ್ ಕ್ಯಾಡಿಲಾಕ್ ಕಾರಿಗೆ ಬಳಸಿತು. ಯಂತ್ರದಿಂದ ತಿರುಗುವ ತುದಿ ತಾನಾಗಿಯೇ ತಲೆಯ ನಡುವಿಗೆ ಬಂದು ಕೂರುತ್ತಿದ್ದುದರಿಂದ ಜೋಡಣಾ ಸಾಲಿನ ವೇಗಕ್ಕೆ ಇದು ಹೇಳಿಮಾಡಿಸಿದಂತಿತ್ತು. ಅದರ ಬದಿಗಳು ಇಳಿಜಾರಾಗಿರುವ ಕಾರಣ ಬಲ ಹೆಚ್ಚಿದೊಡನೆ ತುದಿ ಮೇಲಕ್ಕೆ ಜಾರುತ್ತದೆ. ಈ ಕೊರತೆಯನ್ನು ತುಂಬಲೆಂದು 1960ರ ದಶಕದಲ್ಲಿ ಪೋಝಿಡ್ರಿವ್ ಬಂದಿತು. ಕೂಡುಗೀರಿನ ನಡುವೆ ಓರೆಯಾಗಿರುವ ನಾಲ್ಕು ಸಣ್ಣ ಗೆರೆಗಳೇ ಅದರ ಗುರುತು. ಜಪಾನಿನ ಕೂಡುಗೀರು ಮತ್ತೂ ಬೇರೆ. ಅದರಲ್ಲಿ ಫಿಲಿಪ್ಸ್ ತುದಿ ತಳ ಮುಟ್ಟುವುದಿಲ್ಲ.

ಮುಂಬಯಿಯ ನಾಗದೇವಿ ಸ್ಟ್ರೀಟಿನ ಅಂಗಡಿಗಳಲ್ಲಿ ಇವೆಲ್ಲಕ್ಕೂ ‘ಸ್ಟಾರ್’ ಎಂಬ ಒಂದೇ ಹೆಸರು ನಿಂತಿತು. ಬ್ರಿಟಿಷ್, ಜರ್ಮನ್, ಅಮೆರಿಕನ್, ಜಪಾನಿ ಯಂತ್ರಗಳನ್ನು ಒಂದೇ ಚೀಲದ ಉಪಕರಣಗಳಿಂದ ದುರಸ್ತಿ ಮಾಡಬೇಕಾಗಿದ್ದ ಫಿಟರಿಗೆ, ಅಂದರೆ ಯಂತ್ರಭಾಗಗಳನ್ನು ಕೂಡಿಸಿ ಬಿಚ್ಚುವ ಕೆಲಸಗಾರನಿಗೆ, ಈ ಏಕನಾಮ ಬಹಳ ಅನ್ಯಾಯ ಮಾಡಿದೆ. ತಲೆ ಸವೆದ ಸ್ಕ್ರೂವನ್ನು ಕಂಡವರು ಕೈಗುಣವನ್ನು ದೂರುತ್ತಾರೆ. ತಪ್ಪು ಎಷ್ಟೋ ಸಲ ಕೈಯದಲ್ಲ, ಒಂದು ದೇಶದ ತುದಿ ಇನ್ನೊಂದು ದೇಶದ ಗೀರಿಗೆ ಬಿದ್ದದ್ದರದು. ಸ್ವೀಡನ್ನಿನ ಸಹಯೋಗದಿಂದ ಬೆಳೆದ ನಾಸಿಕದ ತಪಾರಿಯಾದಂಥ ಕಂಪನಿಗಳು ಒಳ್ಳೆಯ ಉಕ್ಕಿನ ಉಪಕರಣಗಳನ್ನು ಕೈಗೆಟುಕುವಂತೆ ಮಾಡಿದವು ನಿಜ, ಆದರೆ ಹೊಂದದ ತುದಿ ಎಷ್ಟು ಗಟ್ಟಿಯಾಗಿದ್ದರೆ ಗೀರನ್ನು ಅಷ್ಟೇ ಬೇಗ ತಿನ್ನುತ್ತದೆ. ಆದ್ದರಿಂದ ತುದಿಯನ್ನು ಕೈಯಿಂದಲೇ ಕೂರಿಸಿ, ಅಲುಗಾಡುತ್ತದೆಯೇ ಎಂದು ನೋಡಿ, ನಂತರವೇ ತಿರುಗಿಸುವುದು ಅನುಭವಸ್ಥರ ಪದ್ಧತಿ.

1967ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಟಾರ್ಕ್ಸ್ ತಲೆಗೆ ಆರು ಮೂಲೆಗಳಿದ್ದು ಅದರ ಬದಿಗಳು ನೇರವಾಗಿವೆ. ಹಾಗಾಗಿ ತುದಿ ಜಾರುವ ಸಂಭವ ಕಡಿಮೆ. ನೋಟಕ್ಕೆ ನಿಜವಾಗಿಯೂ ನಕ್ಷತ್ರದಂತಿರುವುದು ಇದೇ, ಆದರೆ ಸ್ಟಾರ್ ಎಂಬ ಹೆಸರು ಅಷ್ಟರಲ್ಲಿ ನಾಲ್ಕು ಮೂಲೆಯದಕ್ಕೆ ಅಂಟಿಹೋಗಿತ್ತು. ಹೀಗಾಗಿ ಇದನ್ನು ಕೊಳ್ಳುವವರು ಅಂಗಡಿಯಲ್ಲಿ ಆಕಾರವನ್ನು ಹೇಳಿದರೆ ಸಾಲದು, ಟಿ-10, ಟಿ-20 ಎಂದು ಸಂಖ್ಯೆಯನ್ನೇ ಹೇಳಬೇಕಾಗುತ್ತದೆ.